ಹಳೇ ಕಂಪ್ಯೂಟರ್‌ನಾಗ ಟೆಕ್ಸ್ಟ್ ಫೈಲ್ ಓದೋದು ಹೆಂಗ? ಕನ್ನಡದ ಬದಲು ಡಬ್ಬಿ, ಪ್ರಶ್ನೆ ಗುರುತು ಬಂದ್ರ ಏನ್ ಮಾಡಬೇಕು: ಅಂಗಡಿಕಾರರಿಗೆ ಪೂರ್ತಿ ಮಾಹಿತಿ

ನಾಗನೂರ: ಗೋಕಾಕ, ಮೂಡಲಗಿ, ಹುಕ್ಕೇರಿ ಭಾಗದ ಕಿರಾಣಿ ಅಂಗಡಿ, ಗೊಬ್ಬರದ ಅಂಗಡಿ, ಡಿಟಿಪಿ ಸೆಂಟರ್, ಸಹಕಾರಿ ಸಂಘಗಳ ಟೇಬಲ್ ಮೇಲೆ ಇವತ್ತಿಗೂ ವಿಂಡೋಸ್ ಎಕ್ಸ್‌ಪಿ ಅಥವಾ ವಿಂಡೋಸ್ 7 ಇರುವ ಹಳೇ ಕಂಪ್ಯೂಟರ್ ಕಾಣಸಿಗುತ್ತವೆ. ಬಿಲ್ ಹೊಡೆಯಲು, ಲೆಕ್ಕ ಬರೆದಿಡಲು ಅಷ್ಟು ಸಾಕು ಅಂತ ಜನ ನಡೆಸಿಕೊಂಡು ಹೋಗುತ್ತಿದ್ದಾರೆ. ತೊಂದರೆ ಬರುವುದು ಹೊರಗಿನಿಂದ ಒಂದು ಫೈಲ್ ಬಂದಾಗ. ಗಿರಾಕಿಗಳ ವಾಟ್ಸ್‌ಆ್ಯಪ್ ಆರ್ಡರ್, ಲೆಕ್ಕಪತ್ರದವರು ಕಳಿಸಿದ ಪಟ್ಟಿ, ಹತ್ತು ವರ್ಷದ ಹಿಂದೆ ಯಾರೋ ಟೈಪ್ ಮಾಡಿಟ್ಟ ಉದ್ರಿ ಯಾದಿ, ಇವನ್ನು ತೆರೆದರೆ ಒಮ್ಮೆ ಎಲ್ಲಾ ಒಂದೇ ಸಾಲಿನಲ್ಲಿ ಬರುತ್ತದೆ, ಒಮ್ಮೆ ಬರೀ ಚೌಕಾಕಾರದ ಡಬ್ಬಿ ಕಾಣುತ್ತದೆ, ಇನ್ನೊಮ್ಮೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಬರುತ್ತವೆ.

ಆಗ ಪಕ್ಕದಲ್ಲಿದ್ದವರು ಹೇಳುವ ಮಾತು ಒಂದೇ: "ಫೈಲ್ ಕೆಟ್ಟೈತ್ರಿ ಸಾಹುಕಾರ್ರ, ಡಿಲೀಟ್ ಮಾಡ್ರಿ." ಆದರೆ ಹೆಚ್ಚಿನ ಸಲ ಫೈಲ್ ಕೆಟ್ಟಿರುವುದಿಲ್ಲ. ಅದನ್ನು ಓದುವ ಪದ್ಧತಿ ಕಂಪ್ಯೂಟರ್‌ಗೆ ತಿಳಿದಿರುವುದಿಲ್ಲ ಅಷ್ಟೆ. ಇಂಥ ಹೊತ್ತಿನಲ್ಲಿ ಗಡಿಬಿಡಿಯಿಂದ ಒಮ್ಮೆ 'ಸೇವ್' ಒತ್ತಿದರೆ ಮಾತ್ರ ಚೆನ್ನಾಗಿದ್ದ ಫೈಲ್ ನಿಜವಾಗಿಯೂ ಹಾಳಾಗುತ್ತದೆ. ವರ್ಷದ ಉದ್ರಿ ಬಾಕಿ ಅದರಲ್ಲೇ ಇದ್ದರೆ ಆಗುವ ನಷ್ಟ ಯಾರಿಗೂ ಹೇಳಬೇಕಿಲ್ಲ. ಆದ್ದರಿಂದ ಪ್ರತಿ ಕಂಪ್ಯೂಟರ್‌ನಲ್ಲೂ ಪುಕ್ಕಟೆ ಇರುವ ನೋಟ್‌ಪ್ಯಾಡ್ ಎಂಬ ಸಣ್ಣ ತಂತ್ರಾಂಶವನ್ನು ಸರಿಯಾಗಿ ಬಳಸುವುದು ಹೇಗೆ ಎಂಬ ಮಾಹಿತಿ ಇಲ್ಲಿದೆ.

ಟೆಕ್ಸ್ಟ್ ಫೈಲ್ ಅಂದ್ರ ಏನು?

ವರ್ಡ್ ಫೈಲ್‌ನಲ್ಲಿ ಅಕ್ಷರದ ಜೊತೆಗೆ ಫಾಂಟ್ ಯಾವುದು, ದಪ್ಪ ಎಷ್ಟು, ಬಣ್ಣ ಯಾವುದು, ಚಿತ್ರ ಎಲ್ಲಿ ಎಂಬ ಮಾಹಿತಿ ಎಲ್ಲಾ ಇರುತ್ತದೆ. ಟೆಕ್ಸ್ಟ್ ಫೈಲ್‌ನಲ್ಲಿ ಅದೇನೂ ಇಲ್ಲ. ಬರೀ ಅಕ್ಷರ, ಅಂಕಿ, ಸಾಲು ಮುಗಿದ ಗುರುತು ಮಾತ್ರ. ಹೆಸರಿನ ಕೊನೆಗೆ ಚುಕ್ಕಿ ಇಟ್ಟು 'ಟಿಎಕ್ಸ್‌ಟಿ' ಎಂದು ಇರುತ್ತದೆ. ಅದಕ್ಕೇ ಇಂಥ ಫೈಲ್ ಗಾತ್ರದಲ್ಲಿ ಸಣ್ಣದು, ಎಂಥ ಹಳೇ ಯಂತ್ರದಲ್ಲೂ ತೆರೆದುಕೊಳ್ಳುತ್ತದೆ.

ಆದರೆ ಒಂದು ಮಾತು ನೆನಪಿಡಬೇಕು. ಕಂಪ್ಯೂಟರ್ ಒಳಗೆ ಅಕ್ಷರ ಇರುವುದಿಲ್ಲ, ಅಂಕಿ ಇರುತ್ತದೆ. ಯಾವ ಅಂಕಿಗೆ ಯಾವ ಅಕ್ಷರ ಎಂಬ ಒಪ್ಪಂದಕ್ಕೆ 'ಎನ್‌ಕೋಡಿಂಗ್' ಎನ್ನುತ್ತಾರೆ. ಬರೆದವರು ಒಂದು ಒಪ್ಪಂದದಲ್ಲಿ ಬರೆದು, ಓದುವ ಯಂತ್ರ ಬೇರೆ ಒಪ್ಪಂದದಲ್ಲಿ ಓದಿದರೆ ಅಕ್ಷರ ತಪ್ಪಿ ಬರುತ್ತವೆ. ಯಾವ ಒಪ್ಪಂದದಲ್ಲಿ ಬರೆದಿದೆ ಎಂದು ಟೆಕ್ಸ್ಟ್ ಫೈಲ್ ಬಹಳಷ್ಟು ಸಲ ತಾನಾಗಿ ಹೇಳುವುದಿಲ್ಲ. ನೋಟ್‌ಪ್ಯಾಡ್ ಅಂದಾಜು ಮಾಡುತ್ತದೆ, ಅಂದಾಜು ತಪ್ಪುವುದೂ ಉಂಟು. ಎಕ್ಸ್‌ಪಿಯ ನೋಟ್‌ಪ್ಯಾಡ್‌ನಲ್ಲಿ 'ಬುಷ್ ಹಿಡ್ ದ ಫ್ಯಾಕ್ಟ್ಸ್' ಎಂಬ ಸಣ್ಣ ಇಂಗ್ಲಿಷ್ ವಾಕ್ಯ ಬರೆದು ಸೇವ್ ಮಾಡಿ ಮತ್ತೆ ತೆರೆದರೆ ಅದು ಡಬ್ಬಿಗಳಾಗಿ ಅಥವಾ ಚೀನೀ ಅಕ್ಷರಗಳಾಗಿ ಕಾಣುತ್ತಿತ್ತು. ಇದರಲ್ಲಿ ರಾಜಕೀಯ ಏನೂ ಇರಲಿಲ್ಲ, ತಂತ್ರಾಂಶದ ಅಂದಾಜು ತಪ್ಪಿತ್ತು ಅಷ್ಟೆ. ಮುಂದೆ ವಿಸ್ಟಾದಲ್ಲಿ ಅದನ್ನು ಸರಿಪಡಿಸಲಾಯಿತು.

ನೋಟ್‌ಪ್ಯಾಡ್ ಎಲ್ಲೈತಿ?

ನೋಟ್‌ಪ್ಯಾಡ್ 1985ರ ಮೊದಲ ವಿಂಡೋಸ್‌ನಿಂದಲೂ ಇದೆ, ಬೇರೆ ಹಾಕಿಕೊಳ್ಳುವ ಅಗತ್ಯವಿಲ್ಲ. ಸ್ಟಾರ್ಟ್ ಬಟನ್ ಒತ್ತಿ, ಆಲ್ ಪ್ರೋಗ್ರಾಮ್ಸ್, ಅದರಲ್ಲಿ ಆಕ್ಸೆಸರೀಸ್, ಅದರೊಳಗೆ ನೋಟ್‌ಪ್ಯಾಡ್ ಸಿಗುತ್ತದೆ. ಇನ್ನೂ ಬೇಗ ಬೇಕಾದರೆ ಕೀಬೋರ್ಡ್‌ನಲ್ಲಿ ವಿಂಡೋಸ್ ಗುರುತಿನ ಕೀ ಮತ್ತು 'ಆರ್' ಒಟ್ಟಿಗೆ ಒತ್ತಿ, ಬರುವ ಸಣ್ಣ ಪೆಟ್ಟಿಗೆಯಲ್ಲಿ ಇಂಗ್ಲಿಷ್‌ನಲ್ಲಿ ನೋಟ್‌ಪ್ಯಾಡ್ ಎಂದು ಟೈಪ್ ಮಾಡಿ ಎಂಟರ್ ಒತ್ತಿದರೆ ಆಯಿತು.

ಕನ್ನಡ ಇರುವ ಫೈಲ್ ಮೇಲೆ ನೇರ ಡಬಲ್ ಕ್ಲಿಕ್ ಮಾಡುವ ಬದಲು ಈ ಕ್ರಮ ಅನುಸರಿಸುವುದು ಒಳ್ಳೆಯದು:

1. ಮೊದಲು ಫೈಲ್‌ನ ಒಂದು ನಕಲು ಮಾಡಿ. ಫೈಲ್ ಮೇಲೆ ರೈಟ್ ಕ್ಲಿಕ್, ಕಾಪಿ, ಬೇರೆ ಫೋಲ್ಡರ್‌ನಲ್ಲಿ ಪೇಸ್ಟ್.
2. ಮೂಲ ಫೈಲ್ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ನಲ್ಲಿ 'ರೀಡ್ ಓನ್ಲಿ' ಎದುರು ಟಿಕ್ ಹಾಕಿ. ಆಗ ಅಪ್ಪಿತಪ್ಪಿ ಸೇವ್ ಒತ್ತಿದರೂ ಅದೇ ಹೆಸರಿನಲ್ಲಿ ಬದಲಾಗುವುದಿಲ್ಲ.
3. ನೋಟ್‌ಪ್ಯಾಡ್ ತೆರೆದು, ಫೈಲ್ ಮೆನುವಿನಲ್ಲಿ ಓಪನ್ ಒತ್ತಿ ನಕಲು ಫೈಲ್ ಆಯ್ಕೆ ಮಾಡಿ.
4. ಓಪನ್ ಪೆಟ್ಟಿಗೆಯ ಕೆಳಗೆ 'ಎನ್‌ಕೋಡಿಂಗ್' ಎಂಬ ಪಟ್ಟಿ ಇರುತ್ತದೆ. ಎಕ್ಸ್‌ಪಿಯಲ್ಲಿ ಅದರಲ್ಲಿ ನಾಲ್ಕು ಹೆಸರು: ಆನ್ಸಿ, ಯೂನಿಕೋಡ್, ಯೂನಿಕೋಡ್ ಬಿಗ್ ಎಂಡಿಯನ್, ಯುಟಿಎಫ್-8. ಮೊಬೈಲ್‌ನಿಂದ ಅಥವಾ ಹೊಸ ಕಂಪ್ಯೂಟರ್‌ನಿಂದ ಬಂದ ಫೈಲ್ ಆದರೆ ಯುಟಿಎಫ್-8 ಆಯ್ಕೆ ಮಾಡಿ ಓಪನ್ ಒತ್ತಿ.

ಇಷ್ಟರಲ್ಲೇ ಅರ್ಧ ಸಮಸ್ಯೆ ಬಗೆಹರಿಯುತ್ತದೆ. ಸಾಲು ಪರದೆಯಿಂದ ಹೊರಗೆ ಉದ್ದಕ್ಕೆ ಹೋಗಿದ್ದರೆ ಫಾರ್ಮ್ಯಾಟ್ ಮೆನುವಿನಲ್ಲಿ 'ವರ್ಡ್ ರ್‍ಯಾಪ್' ಒತ್ತಿದರೆ ಕಿಟಕಿಯ ಅಗಲಕ್ಕೆ ಮಡಚಿಕೊಳ್ಳುತ್ತದೆ. ಇದರಿಂದ ಫೈಲ್ ಒಳಗೆ ಏನೂ ಬದಲಾಗಂಗಿಲ್ಲ.

ಎಲ್ಲಾ ಒಂದೇ ಸಾಲಿನಾಗ ಬಂದ್ರ

ಟೈಪಿಂಗ್ ಕ್ಲಾಸಿಗೆ ಹೋದವರಿಗೆ ಇದು ತಟ್ಟನೆ ತಿಳಿಯುತ್ತದೆ. ಟೈಪ್‌ರೈಟರ್‌ನಲ್ಲಿ ಸಾಲು ಮುಗಿದಾಗ ಎರಡು ಕೆಲಸ ಆಗಬೇಕಿತ್ತು: ಗಾಡಿಯನ್ನು ಮೊದಲಿನ ಜಾಗಕ್ಕೆ ಸರಿಸುವುದು, ಕಾಗದವನ್ನು ಒಂದು ಸಾಲು ಮೇಲೇರಿಸುವುದು. ವಿಂಡೋಸ್ ಇದೇ ರೂಢಿ ಇಟ್ಟುಕೊಂಡು ಸಾಲಿನ ಕೊನೆಗೆ ಎರಡು ಗುರುತು ಹಾಕುತ್ತದೆ. ಲಿನಕ್ಸ್, ಆಂಡ್ರಾಯ್ಡ್ ಒಂದೇ ಗುರುತು ಹಾಕುತ್ತವೆ. ಹಳೇ ನೋಟ್‌ಪ್ಯಾಡ್‌ಗೆ ಎರಡೂ ಗುರುತು ಇದ್ದರೆ ಮಾತ್ರ ಸಾಲು ಮುರಿಯಲು ಬರುತ್ತದೆ. ಹೀಗಾಗಿ ಮೊಬೈಲ್‌ನಲ್ಲಿ ಇನ್ನೂರು ಸಾಲು ಇದ್ದದ್ದು ಹಳೇ ಕಂಪ್ಯೂಟರ್‌ನಲ್ಲಿ ಒಂದೇ ಸಾಲಾಗಿ ಕಾಣುತ್ತದೆ. ಮೈಕ್ರೋಸಾಫ್ಟ್ ಇದನ್ನು ಸರಿ ಮಾಡಿದ್ದು 2018ರ ವಿಂಡೋಸ್ 10 ಅಪ್‌ಡೇಟ್‌ನಲ್ಲಿ. ಎಕ್ಸ್‌ಪಿ, ವಿಂಡೋಸ್ 7ಕ್ಕೆ ಅದು ಬರಲಿಲ್ಲ.

ಪರಿಹಾರ ಸರಳ. ಇಂಗ್ಲಿಷ್ ಮತ್ತು ಅಂಕಿ ಮಾತ್ರ ಇರುವ ಫೈಲ್ ಆದರೆ ನೋಟ್‌ಪ್ಯಾಡ್ ಬದಲು ಆಕ್ಸೆಸರೀಸ್‌ನಲ್ಲೇ ಇರುವ ವರ್ಡ್‌ಪ್ಯಾಡ್‌ನಲ್ಲಿ ತೆರೆಯಿರಿ, ಸಾಲುಗಳು ಸರಿಯಾಗಿ ಬರುತ್ತವೆ. ಕನ್ನಡ ಇದ್ದರೆ ಎರಡು ದಾರಿ ಇವೆ. ಮೈಕ್ರೋಸಾಫ್ಟ್ ವರ್ಡ್ ಇದ್ದರೆ ಅದರಲ್ಲಿ ಫೈಲ್ ತೆರೆದಾಗ ಯಾವ ಎನ್‌ಕೋಡಿಂಗ್ ಎಂದು ಕೇಳುತ್ತದೆ, ಅಲ್ಲಿ ಯೂನಿಕೋಡ್ ಯುಟಿಎಫ್-8 ಆಯ್ಕೆ ಮಾಡಿ. ವರ್ಡ್ ಇಲ್ಲದಿದ್ದರೆ ಇಂಟರ್‌ನೆಟ್ ನೋಡುವ ಬ್ರೌಸರ್ ಕಿಟಕಿ ತೆರೆದು ಫೈಲನ್ನು ಮೌಸ್‌ನಿಂದ ಎಳೆದು ಅದರ ಮೇಲೆ ಬಿಡಿ. ಇದಕ್ಕೆ ನೆಟ್ ಬೇಕಾಗಿಲ್ಲ. ಅಕ್ಷರ ತಪ್ಪಿದ್ದರೆ ವ್ಯೂ ಮೆನುವಿನ ಎನ್‌ಕೋಡಿಂಗ್‌ನಲ್ಲಿ ಯುಟಿಎಫ್-8 ಹಾಕಿ. ಬ್ರೌಸರ್‌ನಲ್ಲಿ ತೆರೆಯುವುದರ ಇನ್ನೊಂದು ಲಾಭ ಅಂದ್ರ, ಅಲ್ಲಿ ಬರೀ ಓದಬಹುದು, ತಿದ್ದಲು ಬರಂಗಿಲ್ಲ. ಫೈಲ್ ಕೆಡುವ ಭಯ ಇಲ್ಲ.

ಕನ್ನಡ ಕಾಣವಲ್ದು: ಲಕ್ಷಣ ನೋಡಿ ರೋಗ ಹಿಡಿಯಿರಿ

ವೈದ್ಯರು ನಾಡಿ ನೋಡಿದಂತೆ, ಪರದೆ ಮೇಲೆ ಏನು ಕಾಣುತ್ತದೆ ಎಂಬುದನ್ನು ನೋಡಿಯೇ ಕಾರಣ ಹೇಳಬಹುದು. ಲಕ್ಷಣಗಳು ನಾಲ್ಕು.

ಒಂದು, ಬರೀ ಚೌಕ ಡಬ್ಬಿಗಳು. ಫೈಲ್ ಸರಿ ಇದೆ, ಕಂಪ್ಯೂಟರ್‌ನಲ್ಲಿ ಕನ್ನಡ ಯೂನಿಕೋಡ್ ಫಾಂಟ್ ಇಲ್ಲ ಅಥವಾ ಚಾಲೂ ಆಗಿಲ್ಲ ಎಂದರ್ಥ. ವಿಂಡೋಸ್ 98ರಲ್ಲಿ ಈ ಸೌಲಭ್ಯವೇ ಇಲ್ಲ. ಎಕ್ಸ್‌ಪಿಯಲ್ಲಿ 'ತುಂಗಾ' ಎಂಬ ಕನ್ನಡ ಫಾಂಟ್ ಬರುತ್ತದೆ, ಆದರೆ ಅದನ್ನು ಚಾಲೂ ಮಾಡಬೇಕು. ಕಂಟ್ರೋಲ್ ಪ್ಯಾನಲ್‌ಗೆ ಹೋಗಿ, ರೀಜನಲ್ ಆ್ಯಂಡ್ ಲ್ಯಾಂಗ್ವೇಜ್ ಆಪ್ಷನ್ಸ್ ತೆರೆದು, ಲ್ಯಾಂಗ್ವೇಜಸ್ ಭಾಗದಲ್ಲಿ 'ಕಾಂಪ್ಲೆಕ್ಸ್ ಸ್ಕ್ರಿಪ್ಟ್' ಎಂದು ಇರುವ ಸಾಲಿಗೆ ಟಿಕ್ ಹಾಕಿ. ವಿಂಡೋಸ್ ಸಿ.ಡಿ. ಕೇಳಬಹುದು. ಆಮೇಲೆ ಕಂಪ್ಯೂಟರ್ ಬಂದ್ ಮಾಡಿ ಚಾಲೂ ಮಾಡಿದರೆ ಕನ್ನಡ, ಅದರ ಜೊತೆಗೆ ಮರಾಠಿ, ಹಿಂದಿ ಎಲ್ಲಾ ಓದಲು ಬರುತ್ತದೆ. ವಿಂಡೋಸ್ 7ರಲ್ಲಿ ಇದು ಮೊದಲೇ ಚಾಲೂ ಇರುತ್ತದೆ.

ಎರಡು, ತಲೆಯ ಮೇಲೆ ಗೀಟು ಇರುವ ಸಣ್ಣ ಇಂಗ್ಲಿಷ್ 'ಎ', ಅದರ ಪಕ್ಕ ಮೇಲೆ ಬರೆದ ಸಣ್ಣ 2 ಅಥವಾ 3, ಇವೇ ಮತ್ತೆ ಮತ್ತೆ ಬರುವುದು. ಇದು ಯುಟಿಎಫ್-8 ಫೈಲನ್ನು ಆನ್ಸಿ ಎಂದು ತೆರೆದ ಲಕ್ಷಣ. ಯೂನಿಕೋಡ್‌ನಲ್ಲಿ 'ನಾಗನೂರ' ಎಂಬ ಹೆಸರು ಆರು ತುಂಡು: ನ, ದೀರ್ಘದ ಗುರುತು, ಗ, ನ, ಊ-ಕಾರದ ಗುರುತು, ರ. ಯುಟಿಎಫ್-8ರಲ್ಲಿ ಒಂದೊಂದು ಕನ್ನಡ ತುಂಡಿಗೆ ಮೂರು ಬೈಟ್ ಜಾಗ ಬೇಕು, ಒಟ್ಟು 18 ಬೈಟ್. ಆನ್ಸಿ ಎಂದು ಓದುವ ನೋಟ್‌ಪ್ಯಾಡ್ ಒಂದೊಂದು ಬೈಟನ್ನೂ ಒಂದೊಂದು ಅಕ್ಷರ ಅಂದುಕೊಳ್ಳುತ್ತದೆ. ಹೀಗಾಗಿ ಒಂದು ಊರಿನ ಹೆಸರಿನ ಜಾಗದಲ್ಲಿ ಹದಿನೆಂಟು ವಿಚಿತ್ರ ಗುರುತು ಸಾಲಾಗಿ ನಿಲ್ಲುತ್ತವೆ. ಸೇವ್ ಮಾಡದೆ ಮುಚ್ಚಿ, ಓಪನ್ ಪೆಟ್ಟಿಗೆಯಲ್ಲಿ ಯುಟಿಎಫ್-8 ಆಯ್ಕೆ ಮಾಡಿ ಮತ್ತೆ ತೆರೆಯಿರಿ.

ಮೂರು, ಪೌಂಡ್ ಹಣದ ಗುರುತು, ಮೇಲೆ ಓರೆ ಗೀಟು ಇರುವ ದೊಡ್ಡ 'ಎ', ನಡುನಡುವೆ ಯು, ಜಿ ಮುಂತಾದ ಸಾದಾ ಇಂಗ್ಲಿಷ್ ಅಕ್ಷರ. ಇದು ನುಡಿ ಅಥವಾ ಬರಹದಲ್ಲಿ ಹಳೇ ಪದ್ಧತಿಯಲ್ಲಿ ಟೈಪ್ ಮಾಡಿದ ಫೈಲ್. ಇದರ ಪರಿಹಾರ ಕೆಳಗೆ ಬೇರೆ ಹೇಳಿದೆ.

ನಾಲ್ಕು, ಕನ್ನಡ ಇರಬೇಕಾದ ಕಡೆ ಬರೀ ಪ್ರಶ್ನೆ ಗುರುತು. ಇದೊಂದೇ ಕೆಟ್ಟ ಸುದ್ದಿ. ಯಾರೋ ಹಿಂದೆ ಕನ್ನಡ ಫೈಲನ್ನು ಆನ್ಸಿಯಲ್ಲಿ ಸೇವ್ ಮಾಡಿದ್ದಾರೆ, ಅಕ್ಷರದ ಜಾಗದಲ್ಲಿ ಪ್ರಶ್ನೆ ಗುರುತೇ ಉಳಿದಿದೆ. ಯಾವ ಫಾಂಟ್ ಹಾಕಿದರೂ ತಿರುಗಿ ಬರಂಗಿಲ್ಲ. ಕಳಿಸಿದವರ ಹತ್ತಿರ ಮೂಲ ಫೈಲ್ ಕೇಳುವುದೊಂದೇ ದಾರಿ.

ಇದರ ಜೊತೆಗೆ ಒಂದು ಸಣ್ಣ ಮಾತು. ಕನ್ನಡ ಚೆನ್ನಾಗಿ ಕಂಡು, ಮೊತ್ತದ ಹಿಂದೆ ಮಾತ್ರ ಒಂದು ಡಬ್ಬಿ ಬರುತ್ತಿದ್ದರೆ ಹೆದರಬೇಡಿ. ಅದು ರೂಪಾಯಿ ಗುರುತು. ಕೇಂದ್ರ ಸರ್ಕಾರ ಆ ಗುರುತನ್ನು ಒಪ್ಪಿದ್ದು 2010ರ ಜುಲೈನಲ್ಲಿ, ಎಕ್ಸ್‌ಪಿ ಬಂದದ್ದು ಅದಕ್ಕಿಂತ ಎಷ್ಟೋ ಮೊದಲು, 2001ರಲ್ಲಿ. ಹಳೇ ಫಾಂಟ್‌ಗಳಿಗೆ ಆ ಗುರುತೇ ಗೊತ್ತಿಲ್ಲ. ವಾಟ್ಸ್‌ಆ್ಯಪ್‌ನ ನಗುಮುಖದ ಚಿತ್ರಗಳೂ ಇದೇ ಕಾರಣಕ್ಕೆ ಡಬ್ಬಿಯಾಗಿ ಕಾಣುತ್ತವೆ. ಅಂಕಿಗಳಿಗೆ ಏನೂ ಆಗಿರುವುದಿಲ್ಲ.

ನುಡಿ, ಬರಹದಾಗ ಟೈಪ್ ಮಾಡಿದ ಹಳೇ ಫೈಲ್

ಯೂನಿಕೋಡ್ ಎಲ್ಲೆಡೆ ಬರುವ ಮೊದಲು ಕರ್ನಾಟಕದ ಕಚೇರಿ, ಪತ್ರಿಕೆ, ಡಿಟಿಪಿ ಅಂಗಡಿಗಳಲ್ಲಿ ಕನ್ನಡ ಬೆಳೆದದ್ದು ಇಂಥ ತಂತ್ರಾಂಶಗಳಿಂದ. ಶೇಷಾದ್ರಿವಾಸು ಚಂದ್ರಶೇಖರನ್ ಅವರ 'ಬರಹ' 1998ರಲ್ಲಿ ಬಂತು. ಕನ್ನಡ ಗಣಕ ಪರಿಷತ್ತು ತಯಾರಿಸಿದ 'ನುಡಿ'ಯನ್ನು ರಾಜ್ಯ ಸರ್ಕಾರ ಉಚಿತವಾಗಿ ಕೊಟ್ಟಿತು. ಅದರ ಕೀಲಿಮಣೆ ವಿನ್ಯಾಸದ ಮೂಲ ಕೆ.ಪಿ. ರಾವ್ ಅವರದು. ಪೇಜ್‌ಮೇಕರ್‌ಗೆ ಯೂನಿಕೋಡ್ ಬರುವುದಿಲ್ಲವಾದ್ದರಿಂದ ಲಗ್ನಪತ್ರಿಕೆ, ಕರಪತ್ರ ಮಾಡುವ ಡಿಟಿಪಿ ಅಂಗಡಿಗಳಲ್ಲಿ ಹಳೇ ಪದ್ಧತಿ ಇನ್ನೂ ಪೂರ್ತಿ ಹೋಗಿಲ್ಲ.

ಹಳೇ ನುಡಿ ಪದ್ಧತಿಯ ಗುಟ್ಟು ಹೀಗಿದೆ. ಕಂಪ್ಯೂಟರ್ ಲೆಕ್ಕದಲ್ಲಿ ಅದು ಇಂಗ್ಲಿಷ್ ಅಕ್ಷರವೇ. ಆದರೆ ನುಡಿ ಫಾಂಟ್‌ನಲ್ಲಿ ಆ ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ಚೂರುಗಳನ್ನು ಬಿಡಿಸಿಟ್ಟಿದ್ದಾರೆ. ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ಗೋಜಲು. ವರ್ಡ್ ಫೈಲ್‌ನಲ್ಲಿ ಫಾಂಟ್ ಹೆಸರು ಜೊತೆಗೇ ಇರುತ್ತದೆ. ಅದನ್ನೇ ಕಾಪಿ ಮಾಡಿ ಟೆಕ್ಸ್ಟ್ ಫೈಲ್‌ಗೆ ಹಾಕಿದರೆ ಫಾಂಟ್ ಹೆಸರು ಹೋಗಿ ಬರೀ ಇಂಗ್ಲಿಷ್ ಗುರುತು ಉಳಿಯುತ್ತವೆ.

ಓದುವ ದಾರಿ ಇಷ್ಟೆ: ಕಂಪ್ಯೂಟರ್‌ನಲ್ಲಿ ನುಡಿ ಇದ್ದರೆ, ಫೈಲನ್ನು ಆನ್ಸಿ ಎಂದೇ ನೋಟ್‌ಪ್ಯಾಡ್‌ನಲ್ಲಿ ತೆರೆದು, ಫಾರ್ಮ್ಯಾಟ್ ಮೆನುವಿನಲ್ಲಿ ಫಾಂಟ್ ಒತ್ತಿ, ಪಟ್ಟಿಯಲ್ಲಿ 'ನುಡಿ 01 ಇ' ಆಯ್ಕೆ ಮಾಡಿ. ಒಮ್ಮೆಲೇ ಕನ್ನಡ ಎದ್ದು ಬರುತ್ತದೆ. ಅದರಿಂದ ಸರಿ ಹೋಗದಿದ್ದರೆ ಬರಹದ 'ಬಿಆರ್‌ಎಚ್ ಕನ್ನಡ' ಫಾಂಟ್ ಹಾಕಿ ನೋಡಿ. ಶ್ರೀಲಿಪಿಯಲ್ಲಿ ಮಾಡಿದ್ದಾದರೆ ಶ್ರೀಲಿಪಿಯದೇ ಫಾಂಟ್ ಬೇಕು. ಒಂದು ತೊಡಕು ಉಂಟು: ನೋಟ್‌ಪ್ಯಾಡ್‌ನಲ್ಲಿ ಇಡೀ ಫೈಲ್‌ಗೆ ಒಂದೇ ಫಾಂಟ್. ನಡುವೆ ನಿಜವಾದ ಇಂಗ್ಲಿಷ್ ಹೆಸರು ಇದ್ದರೆ ಅವೂ ಕನ್ನಡದ ಚೂರುಗಳಾಗಿ ಕಾಣುತ್ತವೆ. ಆಗ ಫಾಂಟ್ ಬದಲಿಸಿ ಎರಡು ಸಲ ಓದಬೇಕು.

ಕಾಯಂ ಪರಿಹಾರ ಬೇಕಾದರೆ ಹಳೇ ಫೈಲನ್ನು ಯೂನಿಕೋಡ್‌ಗೆ ಪರಿವರ್ತಿಸಿ ಇಟ್ಟುಕೊಳ್ಳಬೇಕು. ನುಡಿಯ ಹೊಸ ಆವೃತ್ತಿ ಮತ್ತು ಬರಹದಲ್ಲಿ ಪರಿವರ್ತಕ ಇದೆ. ಪರಿವರ್ತಿಸಿದ ಮೇಲೆ ಅರ್ಕಾವೊತ್ತು, ಒತ್ತಕ್ಷರ, ಇನಿಷಿಯಲ್, ಮೊತ್ತ ಇವನ್ನು ಒಮ್ಮೆ ಕಣ್ಣಾಡಿಸಿ ತಾಳೆ ನೋಡಿ. ಮೂಲ ಫೈಲನ್ನು ಅಳಿಸಬೇಡಿ.

ಸೇವ್ ಒತ್ತುವ ಮುಂಚೆ ಒಂದು ಕ್ಷಣ ನಿಲ್ರಿ

ಕನ್ನಡ ಇರುವ ಫೈಲನ್ನು ಆನ್ಸಿಯಲ್ಲಿ ಸೇವ್ ಮಾಡಲು ಹೋದರೆ, ಈ ಫೈಲ್‌ನಲ್ಲಿ ಯೂನಿಕೋಡ್ ಅಕ್ಷರ ಇವೆ, ಮುಂದುವರಿದರೆ ಅವು ಹೋಗುತ್ತವೆ ಎಂದು ಹಳೇ ನೋಟ್‌ಪ್ಯಾಡ್ ಇಂಗ್ಲಿಷ್‌ನಲ್ಲಿ ಎಚ್ಚರಿಕೆ ಕೊಡುತ್ತದೆ. ಬಹಳ ಜನ ಓದದೆ 'ಓಕೆ' ಒತ್ತಿಬಿಡುತ್ತಾರೆ. ಪ್ರಶ್ನೆ ಗುರುತಿನ ಫೈಲ್ ಹುಟ್ಟುವುದು ಅಲ್ಲೇ. ಈ ಎಚ್ಚರಿಕೆ ಬಂದರೆ 'ಕ್ಯಾನ್ಸಲ್' ಒತ್ತಿ, ಫೈಲ್ ಮೆನುವಿನಲ್ಲಿ 'ಸೇವ್ ಆ್ಯಸ್' ಆಯ್ಕೆ ಮಾಡಿ, ಕೆಳಗಿನ ಎನ್‌ಕೋಡಿಂಗ್ ಪಟ್ಟಿಯಲ್ಲಿ ಯುಟಿಎಫ್-8 ಹಾಕಿ, ಬೇರೆ ಹೆಸರು ಕೊಟ್ಟು ಸೇವ್ ಮಾಡಿ.

ಬರೀ ಓದಲು ತೆರೆದಿದ್ದರೆ ಮುಚ್ಚುವಾಗ 'ಬದಲಾವಣೆ ಉಳಿಸಬೇಕೆ' ಎಂಬ ಪ್ರಶ್ನೆ ಬರಲೇಬಾರದು. ಬಂತೆಂದರೆ ಕೈ ತಾಗಿ ಏನೋ ಟೈಪ್ ಆಗಿದೆ ಎಂದರ್ಥ. 'ನೋ' ಒತ್ತಿ ಹೊರಗೆ ಬನ್ನಿ.

ಉದ್ರಿ ಲೆಕ್ಕಕ್ಕೆ ಹೆಂಗ ಉಪಯೋಗ?

ಈಗ ಗಿರಾಕಿಗಳು ಸಾಮಾನಿನ ಯಾದಿಯನ್ನು ವಾಟ್ಸ್‌ಆ್ಯಪ್‌ನಲ್ಲೇ ಕಳಿಸುತ್ತಾರೆ, "ಈ ಸಲ ಬರದಿಟ್ಕೊ ಅಣ್ಣಾ, ಕಬ್ಬಿನ ಬಿಲ್ ಬಂದ್ಮ್ಯಾಲ ಕೊಡ್ತೀನಿ" ಎನ್ನುವ ಮಾತೂ ಅಲ್ಲೇ ಇರುತ್ತದೆ. ಮೊಬೈಲ್ ಕಳೆದರೆ, ಒಡೆದರೆ ಆ ದಾಖಲೆಯೂ ಹೋಯಿತು. ಆ ಚಾಟ್ ತೆರೆದು, ಮೇಲಿನ ಮೂರು ಚುಕ್ಕಿ ಒತ್ತಿ, ಮೋರ್, ಎಕ್ಸ್‌ಪೋರ್ಟ್ ಚಾಟ್, 'ವಿದೌಟ್ ಮೀಡಿಯಾ' ಎಂದು ಆಯ್ಕೆ ಮಾಡಿದರೆ ಇಡೀ ಮಾತುಕತೆ ದಿನಾಂಕ, ವೇಳೆ ಸಮೇತ ಟೆಕ್ಸ್ಟ್ ಫೈಲ್ ಆಗಿ ಸಿಗುತ್ತದೆ. ಅದನ್ನು ಕೇಬಲ್ ಹಾಕಿ ಕಂಪ್ಯೂಟರ್‌ಗೆ ಹಾಕಿಕೊಂಡು ತಿಂಗಳಿಗೊಮ್ಮೆ ಸಂಗ್ರಹಿಸಬಹುದು. ಇದು ಯುಟಿಎಫ್-8 ಫೈಲ್, ಸಾಲಿನ ಗುರುತು ಮೊಬೈಲ್ ಪದ್ಧತಿಯದು. ಆದ್ದರಿಂದ ಹಳೇ ಯಂತ್ರದಲ್ಲಿ ಮೇಲೆ ಹೇಳಿದಂತೆ ಬ್ರೌಸರ್ ಅಥವಾ ವರ್ಡ್‌ನಲ್ಲಿ ತೆರೆಯುವುದೇ ಸುಲಭ.

ಹುಡುಕುವಾಗ ಎಡಿಟ್ ಮೆನುವಿನ 'ಫೈಂಡ್' ಬಳಸಿ. ಹಳೇ ನೋಟ್‌ಪ್ಯಾಡ್ ಕರ್ಸರ್ ಇದ್ದ ಜಾಗದಿಂದ ಒಂದೇ ದಿಕ್ಕಿಗೆ ಹುಡುಕುತ್ತದೆ, ತುದಿ ತಲುಪಿದ ಮೇಲೆ ತಿರುಗಿ ಮೇಲಿನಿಂದ ಶುರು ಮಾಡಂಗಿಲ್ಲ. ಹೀಗಾಗಿ ಮೊದಲು ಕಂಟ್ರೋಲ್ ಮತ್ತು ಹೋಮ್ ಕೀ ಒತ್ತಿ ಫೈಲ್‌ನ ಮೇಲ್ತುದಿಗೆ ಹೋಗಿ, ಆಮೇಲೆ ಹುಡುಕಿ. ಹೆಸರಿಗಿಂತ ಮೊಬೈಲ್ ನಂಬರ್ ಅಥವಾ ಮೊತ್ತ ಹಾಕಿ ಹುಡುಕುವುದು ಖಾತ್ರಿ. ಯಾಕಂದ್ರ ನುಡಿ ಪದ್ಧತಿಯ ಫೈಲ್‌ನಲ್ಲಿ ಯೂನಿಕೋಡ್ ಕನ್ನಡ ಟೈಪ್ ಮಾಡಿ ಹುಡುಕಿದರೆ ಏನೂ ಸಿಗುವುದಿಲ್ಲ, ಅಂಕಿ ಮಾತ್ರ ಎರಡರಲ್ಲೂ ಒಂದೇ. ಹಳೇ ಪತ್ರ ಹುಡುಕುವವರು ಇನ್ನೊಂದು ಗಮನಿಸಬೇಕು: ಮೂಡಲಗಿ ತಾಲೂಕು ಆಗುವ ಮುಂಚಿನ ದಾಖಲೆಗಳಲ್ಲಿ ನಾಗನೂರ, ಕಲ್ಲೋಳಿ, ಅರಭಾವಿ ವಿಳಾಸಕ್ಕೆ ತಾಲೂಕು ಗೋಕಾಕ ಎಂದೇ ಇರುತ್ತದೆ.

ಹೊಸದಾಗಿ ಉದ್ರಿ ಬರೆದಿಡಲು ನೋಟ್‌ಪ್ಯಾಡ್‌ನಲ್ಲಿ ಎರಡು ಸೌಲಭ್ಯ ಇವೆ, ಬಹಳ ಜನಕ್ಕೆ ಗೊತ್ತಿಲ್ಲ. ಎಫ್5 ಕೀ ಒತ್ತಿದರೆ ಆ ಹೊತ್ತಿನ ವೇಳೆ, ದಿನಾಂಕ ತಾನೇ ಬರುತ್ತದೆ. ಇನ್ನೊಂದು, ಫೈಲ್‌ನ ಮೊಟ್ಟಮೊದಲ ಸಾಲಿನಲ್ಲಿ ಒಂದು ಚುಕ್ಕಿ ಇಟ್ಟು ಇಂಗ್ಲಿಷ್ ದೊಡ್ಡಕ್ಷರದಲ್ಲಿ ಎಲ್, ಒ, ಜಿ ಎಂದು ಬರೆದು ಸೇವ್ ಮಾಡಿದರೆ, ಆ ಫೈಲ್ ತೆರೆದಾಗಲೆಲ್ಲ ಕೊನೆಗೆ ಅವತ್ತಿನ ದಿನಾಂಕ, ವೇಳೆ ಕೂತಿರುತ್ತದೆ. ಅದರ ಕೆಳಗೆ ಹೆಸರು, ಮೊತ್ತ ಬರೆಯುತ್ತಾ ಹೋಗಬಹುದು. ಆದರೆ ಕಂಪ್ಯೂಟರ್‌ನ ಗಡಿಯಾರ ಸರಿ ಇದೆಯೇ ನೋಡಿಕೊಳ್ಳಿ. ಹಳೇ ಯಂತ್ರದ ಒಳಗಿನ ಸಣ್ಣ ಬ್ಯಾಟರಿ ಮುಗಿದಿದ್ದರೆ ಪ್ರತಿ ಸಲ ಚಾಲೂ ಮಾಡಿದಾಗ ವರ್ಷಗಟ್ಟಲೆ ಹಿಂದಿನ ತಾರೀಖು ತೋರಿಸುತ್ತದೆ. ಇನ್ನು ನೋಟ್‌ಪ್ಯಾಡ್ ತಾನಾಗಿ ಸೇವ್ ಮಾಡುವುದಿಲ್ಲ. ಕರೆಂಟ್ ಹೋದರೆ ಬರೆದದ್ದು ಹೋಯಿತು. ನಾಲ್ಕು ಸಾಲಿಗೊಮ್ಮೆ ಕಂಟ್ರೋಲ್ ಮತ್ತು ಎಸ್ ಒತ್ತುವ ರೂಢಿ ಇರಲಿ. ಹಾಗಂತ ಉದ್ರಿ ಪುಸ್ತಕ ಬಿಡಬೇಡಿ. ಟೆಕ್ಸ್ಟ್ ಫೈಲನ್ನು ಯಾರು ಬೇಕಾದರೂ ಗುರುತು ಸಿಗದಂತೆ ತಿದ್ದಬಹುದು, ಗಿರಾಕಿಯ ಸಹಿ ಇರುವ ಪುಸ್ತಕದ ತೂಕ ಅದಕ್ಕೆ ಬರುವುದಿಲ್ಲ.

ತುಂಬಾ ದೊಡ್ಡ ಫೈಲ್ ಆದ್ರ

ವಿಂಡೋಸ್ 95, 98ರ ನೋಟ್‌ಪ್ಯಾಡ್‌ಗೆ 64 ಕೆಬಿಗಿಂತ ದೊಡ್ಡ ಫೈಲ್ ತೆರೆಯಲು ಬರುತ್ತಿರಲಿಲ್ಲ, ವರ್ಡ್‌ಪ್ಯಾಡ್‌ನಲ್ಲಿ ತೆರೆಯಲೇ ಎಂದು ಕೇಳುತ್ತಿತ್ತು. ಎಕ್ಸ್‌ಪಿಯಲ್ಲಿ ಆ ಮಿತಿ ಇಲ್ಲ, ಆದರೆ ಹತ್ತಾರು ಎಂಬಿ ಫೈಲ್ ತೆರೆದರೆ ಕಡಿಮೆ ರ್‍ಯಾಮ್ ಇರುವ ಯಂತ್ರ ನಿಂತುಬಿಡುತ್ತದೆ. ಆಗ ಕಪ್ಪು ಪರದೆಯ ಕಮಾಂಡ್ ಪ್ರಾಂಪ್ಟ್ ತೆರೆದು ಇಂಗ್ಲಿಷ್‌ನಲ್ಲಿ 'ಮೋರ್' ಎಂದು ಬರೆದು, ಜಾಗ ಬಿಟ್ಟು ಫೈಲ್ ಹೆಸರು ಕೊಟ್ಟರೆ ಒಂದೊಂದೇ ಪರದೆಯಷ್ಟು ತೋರಿಸುತ್ತದೆ. ಸ್ಪೇಸ್ ಒತ್ತಿದರೆ ಮುಂದಿನ ಪುಟ. ಕಪ್ಪು ಪರದೆಯಲ್ಲಿ ಕನ್ನಡ ಸರಿ ಬರುವುದಿಲ್ಲ, ಇಂಗ್ಲಿಷ್ ಮತ್ತು ಅಂಕಿಯ ಫೈಲ್‌ಗೆ ಮಾತ್ರ ಇದು ಅನುಕೂಲ.

ಪಿಎಫ್, ತೆರಿಗೆ ಫೈಲ್: ನೋಡಿ, ತಿದ್ದಬೇಡಿ

ಕೆಲಸಗಾರರ ಪಿಎಫ್ ಕಟ್ಟುವವರು ಅಪ್‌ಲೋಡ್ ಮಾಡುವ ಇಸಿಆರ್ ಫೈಲ್ ಕೂಡ ಟೆಕ್ಸ್ಟ್ ಫೈಲೇ. ಅದರಲ್ಲಿ ಒಂದೊಂದು ಕಾಲಂ ನಡುವೆ ಹ್ಯಾಷ್, ಅಲೆ, ಹ್ಯಾಷ್ ಎಂಬ ಮೂರು ಗುರುತು ಇರುತ್ತವೆ. ಟಿಡಿಎಸ್ ಮಾಹಿತಿಯ ಫಾರ್ಮ್ 26ಎಎಸ್ ಅನ್ನೂ ಟೆಕ್ಸ್ಟ್ ರೂಪದಲ್ಲಿ ಇಳಿಸಿಕೊಳ್ಳಬಹುದು. ಇವು ಕಣ್ಣಿಗೆ ಗೋಜಲಾಗಿ ಕಂಡರೂ ಕೆಟ್ಟಿಲ್ಲ. ಆ ಗುರುತುಗಳೇ ಕಾಲಂನ ಗೆರೆ. ಚೆಂದ ಮಾಡಲು ಹೋಗಿ ಒಂದು ಗುರುತು ಅಳಿಸಿದರೆ ಲೆಕ್ಕ ಪಕ್ಕದ ಕಾಲಂಗೆ ಜಾರುತ್ತದೆ ಅಥವಾ ಫೈಲ್ ಅಪ್‌ಲೋಡ್ ಆಗುವುದಿಲ್ಲ. ಇನ್ನೊಂದು, ಹಳೇ ನೋಟ್‌ಪ್ಯಾಡ್ ಯುಟಿಎಫ್-8ರಲ್ಲಿ ಸೇವ್ ಮಾಡುವಾಗ ಫೈಲ್‌ನ ಶುರುವಿಗೆ ಕಾಣದ ಒಂದು ಗುರುತು ಸೇರಿಸುತ್ತದೆ, ಕೆಲವು ತಂತ್ರಾಂಶಗಳು ಅದನ್ನು ತಪ್ಪು ಎಂದು ತಿಳಿಯುತ್ತವೆ. ಹೀಗಾಗಿ ಇಂಥ ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ಬರೀ ನೋಡಿ, ಬದಲಾವಣೆ ಬೇಕಾದರೆ ಅದನ್ನು ತಯಾರಿಸಿದ ತಂತ್ರಾಂಶದಲ್ಲೇ ಮಾಡಿಸಿ.

ಹೆಸರು ಟೆಕ್ಸ್ಟ್, ಒಳಗ ವೈರಸ್

ನಿಜವಾದ ಟೆಕ್ಸ್ಟ್ ಫೈಲ್ ನೋಟ್‌ಪ್ಯಾಡ್‌ನಲ್ಲಿ ತೆರೆದರೆ ಅಪಾಯ ತೀರಾ ಕಡಿಮೆ, ಏಕೆಂದರೆ ನೋಟ್‌ಪ್ಯಾಡ್ ತೋರಿಸುತ್ತದೆಯೇ ಹೊರತು ಯಾವುದನ್ನೂ ಓಡಿಸುವುದಿಲ್ಲ. ಆದರೆ ವೇಷ ಹಾಕಿದ ಫೈಲ್‌ಗಳಿವೆ. ವಿಂಡೋಸ್ ಸಾಮಾನ್ಯವಾಗಿ ಹೆಸರಿನ ಕೊನೆಯ ಭಾಗ ಮುಚ್ಚಿಡುತ್ತದೆ. ಕೊನೆಗೆ 'ಟಿಎಕ್ಸ್‌ಟಿ' ಚುಕ್ಕಿ 'ಇಎಕ್ಸ್‌ಇ' ಎಂದಿರುವ ಫೈಲ್ ನಿಮಗೆ ಬರೀ 'ಟಿಎಕ್ಸ್‌ಟಿ' ಎಂದು ಕಾಣುತ್ತದೆ, ಡಬಲ್ ಕ್ಲಿಕ್ ಮಾಡಿದರೆ ಪ್ರೋಗ್ರಾಂ ಓಡುತ್ತದೆ. ಇದನ್ನು ತಡೆಯಲು ಮೈ ಕಂಪ್ಯೂಟರ್ ತೆರೆದು, ಟೂಲ್ಸ್ ಮೆನುವಿನ ಫೋಲ್ಡರ್ ಆಪ್ಷನ್ಸ್‌ನಲ್ಲಿ ವ್ಯೂ ಭಾಗಕ್ಕೆ ಹೋಗಿ 'ಹೈಡ್ ಎಕ್ಸ್‌ಟೆನ್ಷನ್ಸ್' ಎಂಬುದರ ಟಿಕ್ ತೆಗೆಯಿರಿ. ಆಗ ಪೂರ್ತಿ ಹೆಸರು ಕಾಣುತ್ತದೆ. ಡಬಲ್ ಕ್ಲಿಕ್ ಬದಲು ನೋಟ್‌ಪ್ಯಾಡ್ ಒಳಗಿನಿಂದಲೇ ಓಪನ್ ಮಾಡುವ ರೂಢಿ ಇಲ್ಲೂ ಕಾಪಾಡುತ್ತದೆ.

ಎಕ್ಸ್‌ಪಿಗೆ ಮೈಕ್ರೋಸಾಫ್ಟ್‌ನ ಭದ್ರತಾ ಬೆಂಬಲ 2014ರ ಏಪ್ರಿಲ್ 8ಕ್ಕೆ, ವಿಂಡೋಸ್ 7ಕ್ಕೆ 2020ರ ಜನವರಿ 14ಕ್ಕೆ ಮುಗಿದಿದೆ. ಇಂಥ ಯಂತ್ರದಲ್ಲಿ ಬ್ಯಾಂಕ್ ವ್ಯವಹಾರ, ಆಧಾರ್ ಕೆಲಸ ಮಾಡಬೇಡಿ. ನೆಟ್ ತೆಗೆದು, ಓದಲು ಬರೆಯಲು ಮಾತ್ರ ಇಟ್ಟುಕೊಳ್ಳುವುದು ಉತ್ತಮ. ಪಾಸ್‌ವರ್ಡ್, ಪಿನ್ ನಂಬರನ್ನು ಟೆಕ್ಸ್ಟ್ ಫೈಲ್‌ನಲ್ಲಿ ಬರೆದಿಡಬೇಡಿ, ತೆರೆದವರೆಲ್ಲ ಓದುತ್ತಾರೆ. ಹಣ ಕಳೆದುಕೊಂಡ ವಂಚನೆ ನಡೆದರೆ ತಡ ಮಾಡದೆ 1930ಕ್ಕೆ ಕರೆ ಮಾಡಿ.

ಗುಜರಿಗೆ ಹಾಕೋ ಮುಂಚೆ

ಹಳೇ ಕಂಪ್ಯೂಟರ್ ಗುಜರಿಯವರಿಗೆ ಕೊಡುವ ಮೊದಲು ಎರಡು ಕೆಲಸ ಮಾಡಿ. ಮೊದಲನೆಯದು, ಸರ್ಚ್‌ನಲ್ಲಿ ನಕ್ಷತ್ರ ಗುರುತು, ಚುಕ್ಕಿ, 'ಟಿಎಕ್ಸ್‌ಟಿ' ಎಂದು ಕೊಟ್ಟು ಎಲ್ಲಾ ಟೆಕ್ಸ್ಟ್ ಫೈಲ್ ಹುಡುಕಿ. ಸಂಘದ ಠರಾವು, ಗಿರಾಕಿಗಳ ಯಾದಿ, ಜಮೀನಿನ ಬಗ್ಗೆ ಬರೆಸಿದ ಅರ್ಜಿಯ ಕರಡು ಇಂಥವು ಸಿಗಬಹುದು. ಬೇಕಾದ್ದನ್ನು ಎರಡು ಪೆನ್‌ಡ್ರೈವ್‌ಗೆ ಹಾಕಿ, ತೀರಾ ಮುಖ್ಯವಾದದ್ದನ್ನು ಪ್ರಿಂಟ್ ತೆಗೆದಿಡಿ. ನುಡಿ ಫೈಲ್ ಇದ್ದರೆ ಅದರ ಫಾಂಟ್ ಕೂಡ ಜೊತೆಗೆ ಕಾಪಿ ಮಾಡಿ, ಇಲ್ಲದಿದ್ದರೆ ಮುಂದೆ ಅದೇ ಗೋಜಲು. ಎರಡನೆಯದು, ಹಾರ್ಡ್ ಡಿಸ್ಕ್ ಬಿಚ್ಚಿಸಿ ನಿಮ್ಮ ಹತ್ತಿರವೇ ಇಟ್ಟುಕೊಳ್ಳಿ. ಡಿಲೀಟ್ ಮಾಡಿದ ಫೈಲನ್ನು ಮತ್ತೆ ತೆಗೆಯುವವರಿದ್ದಾರೆ, ಅದರಲ್ಲಿ ನಿಮ್ಮದಷ್ಟೇ ಅಲ್ಲ, ನಂಬಿ ಕೊಟ್ಟ ಗಿರಾಕಿಗಳ ಮೊಬೈಲ್ ನಂಬರ್, ಆಧಾರ್ ನಂಬರೂ ಇರುತ್ತವೆ.

ಒಟ್ಟಿನಲ್ಲಿ ನೆನಪಿಡಬೇಕಾದ್ದು ಮೂರು ಮಾತು: ಮೊದಲು ನಕಲು, ಆಮೇಲೆ ಎನ್‌ಕೋಡಿಂಗ್ ನೋಡಿ ಓಪನ್, ಅನುಮಾನ ಬಂದರೆ ಸೇವ್ ಬೇಡ. ಇಷ್ಟು ಪಾಲಿಸಿದರೆ ಹಳೇ ಕಂಪ್ಯೂಟರ್‌ನಲ್ಲೂ ಹಳೇ ಲೆಕ್ಕ ಓದಲು ಬರುತ್ತದೆ.